ಬಾಗಿಲಾಚೆಯ ಸ್ಟೂಲು

ನನ್ನ ತರಗತಿಗೆ ಸಹಾಯಕಿಯೊಬ್ಬಳು ಬರುತ್ತಾಳೆಂದು ಹೆಡ್ ಮೇಡಂ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮೂರನೇ ತರಗತಿಗೆ ನಾನಿಲ್ಲವೇ? ಮಕ್ಕಳು ನನಗೆ ಗುಡುಗು ಮೇಷ್ಟ್ರು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಾನೊಮ್ಮೆ ಕೂಗಿದರೆ ಎದುರು ಕೊಠಡಿಯ ಮಕ್ಕಳೂ ಕೈಕಟ್ಟಿ ಕೂರುತ್ತಾರೆ.

ಆಕೆ ಬಂದದ್ದು ಒಬ್ಬಳೇ ಹುಡುಗಿಗಾಗಿ. ಆ ಹುಡುಗಿಯನ್ನು ನಾವೆಲ್ಲ ಗುಬ್ಬಿ ಎನ್ನುತ್ತಿದ್ದೆವು. ಎರಡು ವರ್ಷದಿಂದ ಶಾಲೆಯಲ್ಲಿ ತುಟಿ ಬಿಚ್ಚಿದವಳಲ್ಲ. ಬಟ್ಟೆ ಹೊಲಿಯುವ ಅವಳ ತಾಯಿಯನ್ನು ಕರೆಸಿ ಕೇಳಿದರೆ, "ಮನೇಲಿ ಬಾಯಿ ಮುಚ್ಚೋದೇ ಇಲ್ಲ ಸರ್, ನನ್ ತಲೆ ತಿಂದ್ಹಾಕ್ತಾಳೆ" ಎಂದಳು. ನಾನು ನಂಬಲಿಲ್ಲ. ಹಟಮಾರಿ ಎಂದುಕೊಂಡೆ. ವರ್ಷ ಮುಗಿಯುವುದರೊಳಗೆ ಹತ್ತು ಸಾಲು ಗಟ್ಟಿಯಾಗಿ ಓದದಿದ್ದರೆ ಅವಳನ್ನು ಬೇರೆ ಶಾಲೆಗೆ ಕಳಿಸುವುದೆಂದು ಹೆಡ್ ಮೇಡಂ ತೀರ್ಮಾನಿಸಿದ್ದರು.

ಸಹಾಯಕಿ ಪುಸ್ತಕದ ಕೋಣೆಯಲ್ಲಿ ಗುಬ್ಬಿಯ ಜೊತೆ ಹದಿನೈದು ದಿನ ಬರೀ ಚಿತ್ರ ಬರೆದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಳ್ಳೇ ಆರಾಮದ ಕೆಲಸ ಎಂದು ನಾನು ಆಡಿಕೊಂಡೆ. ಹದಿನಾರನೆಯ ದಿನ ಆಕೆ ನನ್ನ ಬಳಿ ಬಂದಳು.

"ಸರ್, ಅವಳು ನನ್ ಹತ್ರ ಓದೋಕೆ ಶುರು ಮಾಡಿದಾಳೆ. ನೀವು ಹೊರಗೆ ಸ್ಟೂಲ್ ಹಾಕ್ಕೊಂಡು ಕೂರ್ಬೇಕು. ಬಾಗಿಲಿಗೆ ಬೆನ್ನು ಮಾಡಿ."

"ನಾನೇನು ವಾಚ್‌ಮನ್ನಾ? ಬೇರೆ ಯಾರನ್ನಾದ್ರೂ ಕೂರಿಸು."

"ಬೇರೆಯವ್ರು ಬೈಯಲ್ಲ, ನೀವು ಬೈತೀರ. ಅದಕ್ಕೇ ನೀವೇ ಬೇಕು. ನಿಮ್ಮೆದುರು ಓದಿದ್ರೆ ಯಾರೆದುರೂ ಓದ್ತಾಳೆ."

ಸ್ಟೂಲು ಹಿಡಿದು ಹೋಗಿ ಕೂತೆ. ದಿನಕ್ಕೊಂದು ಗೇಣು ಸ್ಟೂಲನ್ನು ಬಾಗಿಲ ಕಡೆ ಸರಿಸಬೇಕು, ಅಷ್ಟೇ ನನ್ನ ಪಾಲಿನ ಕೆಲಸ.

ನಾಲ್ಕನೆಯ ದಿನ ಒಳಗಿಂದ ದನಿ ಕೇಳಿತು. ಎಳೆಯದು, ಆದರೆ ಒಂದೂ ತಪ್ಪಿಲ್ಲದ ಓದು. ನನಗೆ ರೋಮಾಂಚನವಾಯಿತು. ತಡೆಯಲಾಗದೆ, "ಶಭಾಷ್!" ಎಂದುಬಿಟ್ಟೆ.

ದನಿ ಅಲ್ಲಿಗೇ ಆರಿಹೋಯಿತು.

ಸಹಾಯಕಿ ಹೊರಬಂದಳು. "ನೀವು ಹೊಗಳಿದ್ರೂ ಅವಳಿಗೆ ಅದು ಕೂಗೇ ಸರ್. ಸ್ಟೂಲ್ ತಗೊಂಡು ಗೇಟ್ ಹತ್ರ ಹೋಗಿ. ಮೊದಲಿಂದ ಶುರು ಮಾಡೋಣ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಸ್ಟೂಲು ಎತ್ತಿಕೊಂಡು ಹೋದೆ.

ಗೇಟಿನಿಂದ ಹೊಸ್ತಿಲಿಗೆ ಬರಲು ಒಂದೂವರೆ ತಿಂಗಳು ಹಿಡಿಯಿತು. ಹೊಸ್ತಿಲು ದಾಟಿದ ಮೇಲೂ ಗೋಡೆ ನೋಡುತ್ತ ಕೂತೆ. ಆಮೇಲೆ ಪಕ್ಕಕ್ಕೆ ತಿರುಗಿ, ಕೊನೆಗೆ ಎದುರುಬದುರು. ಆಗ, ಪ್ರತಿ ಸಲ ಓದಲು ಆ ಮಗು ಎಷ್ಟು ಧೈರ್ಯ ಒಟ್ಟುಮಾಡಿಕೊಳ್ಳುತ್ತಿತ್ತೆಂದು ಕಣ್ಣಾರೆ ಕಂಡೆ. ಬೆರಳುಗಳು ಪುಸ್ತಕದ ಅಂಚನ್ನು ಬಿಗಿಹಿಡಿಯುವವು, ಉಸಿರು ನಿಲ್ಲುವುದು, ಆಮೇಲೆ ಮೊದಲ ಪದ. ಅದಕ್ಕೆ ನಾನು ಹಟವೆಂದು ಹೆಸರಿಟ್ಟಿದ್ದೆ.

ಪರೀಕ್ಷೆಯ ದಿನ ಹೆಡ್ ಮೇಡಂ ಪೆನ್ನು ಹಿಡಿದು ಬಾಗಿಲಾಚೆ ಕೂತರು. ಗುಬ್ಬಿ ಅವರತ್ತ ಒಮ್ಮೆ ನೋಡಿದಳು, ಪುಸ್ತಕ ತೆರೆದಳು. ಬೆರಳುಗಳು ಅದರ ಅಂಚನ್ನು ಬಿಗಿಹಿಡಿದವು. ಸಹಾಯಕಿ ಕಿಟಕಿಯಾಚೆ ನೋಡುತ್ತ ಆರಾಮಾಗಿ ಕೂತೇ ಇದ್ದಳು. ಬೆವೆತದ್ದು ನಾನು.

ಆಮೇಲೆ ಗುಬ್ಬಿ ಓದಿದಳು. ಹತ್ತನೆಯ ಸಾಲಿಗೆ ಮೇಡಂ ಟಿಕ್ ಹಾಕಿ ಎದ್ದರು. ಗುಬ್ಬಿ ಪುಟ ತಿರುಗಿಸಿ ಮುಂದುವರಿಸಿದಳು. ಊಟದ ಬೆಲ್ಲು ಹೊಡೆಯಿತು. ಮಕ್ಕಳು ಹೋ ಎಂದು ವರಾಂಡಕ್ಕೆ ನುಗ್ಗಿದರು. ಆ ಗದ್ದಲದಲ್ಲಿ ಅವಳು ದನಿಯನ್ನು ಒಂದಿಷ್ಟು ಏರಿಸಿದಳು, ಕಥೆ ಬಿಡಲಿಲ್ಲ. ಮೇಡಂ ಎದ್ದವರು ಹಾಗೇ ಮತ್ತೆ ಕೂತರು.