ಒತ್ತಿದ್ದೇ ಅಪರಾಧ

ಬ್ರಿಸ್ಬೇನಿನ ಹೊರವಲಯದ ಹೆಂಗಸರ ಜೈಲಿನಲ್ಲಿ ನಾನು ಪಾಠ ಹೇಳಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಕೈದಿಗಳಿಗೆ ಇಂಟರ್ನೆಟ್ ಕಾನೂನಿನಿಂದಲೇ ನಿಷಿದ್ಧ. ಅದಕ್ಕೇ ವಿಶ್ವವಿದ್ಯಾಲಯದವರು ಬೇರೆ ಥರದ ಲ್ಯಾಪ್‌ಟಾಪ್ ಮಾಡಿಸಿದ್ದರು. ವೈಫೈ ಭಾಗವನ್ನೇ ಕಿತ್ತುಹಾಕಿದ್ದು, ಕ್ಯಾಮೆರಾ ಇಲ್ಲದ್ದು, ಪೆನ್‌ಡ್ರೈವ್ ಚುಚ್ಚುವ ಜಾಗವನ್ನು ಮುಚ್ಚಿದ್ದು. ಪಾಠಗಳನ್ನೆಲ್ಲ ಮೊದಲೇ ಒಳಗೆ ತುಂಬಿರುತ್ತಿದ್ದರು. ಇಪ್ಪತ್ತೆರಡು ಲ್ಯಾಪ್‌ಟಾಪುಗಳನ್ನು ಆ ಗೇಟು ದಾಟಿಸಲು ನಾನು ಮೂರು ವರ್ಷ ಅರ್ಜಿ ಬರೆದಿದ್ದೆ.

ಅವುಗಳಲ್ಲಿ ಒಂದು ಕೋರಲೀ ಡೂಲನ್‌ಗೆ ಸಿಕ್ಕಿತು. ನಲವತ್ತಮೂರು ವರ್ಷದ ಮೂಲನಿವಾಸಿ ಹೆಂಗಸು. ಕಿರಿಯ ಕೈದಿಗಳೆಲ್ಲ ಅವಳನ್ನು ಆಂಟಿ ಎನ್ನುತ್ತಿದ್ದರು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಅವಳ ತಾಯಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ತೀರಿಕೊಂಡಿದ್ದರು. ಬಿಡುಗಡೆಯಾದ ಮೇಲೆ ಕಿಡ್ನಿ ರೋಗಿಗಳ ಜೊತೆ ಕೆಲಸ ಮಾಡಬೇಕು, ಅದಕ್ಕೆ ಓದಬೇಕು ಎಂದು ಹಟ ಹಿಡಿದಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಅವಳು ಮೂತ್ರಪಿಂಡದ ಪಾಠ ಓದುತ್ತಿದ್ದಳು. ಪುಟದ ಕೊನೆಯಲ್ಲಿ ‘ವಿಡಿಯೋ ನೋಡಲು ಇಲ್ಲಿ ಒತ್ತಿ’ ಎಂದಿತ್ತು. ಒತ್ತಿದಳು. ‘ಇಂಟರ್ನೆಟ್ ಸಂಪರ್ಕವಿಲ್ಲ’ ಎಂದು ಪರದೆಯ ಮೇಲೆ ಮೂಡಿತು. ಅದೇ ಹೊತ್ತಿಗೆ ಅವಳ ಬೆನ್ನ ಹಿಂದೆ ಕಾವಲು ಅಧಿಕಾರಿ ಪ್ರೆಂಟಿಸ್ ಹಾದುಹೋದ.

“ಏಯ್, ಏನಿದು? ಇಂಟರ್ನೆಟ್ಟಿಗೆ ಹೋಗ್ತಿದ್ದೀಯಾ?”

“ಪಾಠ ಬಾಸ್. ಒತ್ತು ಅಂತು, ಒತ್ತಿದೆ.”

“ಹೋಗೋಕೆ ನೋಡಿದ್ಯಲ್ಲ, ಅಷ್ಟು ಸಾಕು.”

ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತೆರಡು ಲ್ಯಾಪ್‌ಟಾಪುಗಳೂ ಜಪ್ತಿಯಾಗಿ ಕೊಳೆಬಟ್ಟೆ ಸಾಗಿಸುವ ಗಾಡಿಯಲ್ಲಿ ಬಿದ್ದಿದ್ದವು. ಕೋರಲೀ ಮೇಲೆ ‘ಇಂಟರ್ನೆಟ್ ಬಳಸಲು ಪ್ರಯತ್ನ’ ಎಂಬ ಆರೋಪ. ಅವಳು ಪ್ರಬಂಧ ಕೊಡಲು ಮೂರು ವಾರವಿತ್ತು; ಅವಧಿಗೆ ಮೊದಲೇ ಬಿಡುಗಡೆ ಮಾಡುವ ಪೆರೋಲ್ ವಿಚಾರಣೆಗೆ ಏಳು.

ನಾನು ಭದ್ರತಾ ಮುಖ್ಯಸ್ಥ ಗ್ರಹಾಂ ಸಿಲಿಕ್‌ನ ಕೋಣೆಗೆ ನುಗ್ಗಿದೆ. “ಗ್ರಹಾಂ, ಅದ್ರಲ್ಲಿ ಇಂಟರ್ನೆಟ್ ಹಿಡಿಯೋ ಸಾಮಾನೇ ಇಲ್ಲ. ನೀವೇ ಬಿಚ್ಚಿ ನೋಡಿ ಸಹಿ ಹಾಕಿದ್ದೀರಿ.”

“ಸಾಮಾನು ಇಲ್ಲ, ಸರಿ. ಆದ್ರೆ ಉದ್ದೇಶ ಅಂತ ಒಂದಿರುತ್ತಲ್ಲ, ರೊಸ್ಲಿನ್?”

“ರೆಕ್ಕೆ ಕತ್ತರಿಸಿದ್ದು ನೀವು. ಈಗ ಹಕ್ಕಿ ಹಾರೋಕೆ ನೋಡ್ತು ಅಂತ ಕೇಸ್ ಹಾಕ್ತೀರಾ?”

ಅವನು ಚಹಾ ಕಲಕುತ್ತ ಕಿಟಕಿಯ ಕಡೆ ನೋಡಿದ.

ಶುಕ್ರವಾರ ಜೈಲಿನ ಉಪ ಅಧೀಕ್ಷಕಿಯ ಮುಂದೆ ಆ ಆರೋಪದ ವಿಚಾರಣೆ. ಪರವಾನಗಿ ಪಡೆದು ಒಂದು ಸ್ಕ್ರೂಡ್ರೈವರ್ ತರಿಸಿದ್ದೆ. ಕೋರಲೀಯ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಮೇಜಿನ ಮೇಲಿಟ್ಟು, “ತೋರ್ಸಿ, ಇದ್ರಲ್ಲಿ ಇಂಟರ್ನೆಟ್ ಎಲ್ಲಿ ಅಡಗಿ ಕೂತಿದೆ?” ಎಂದೆ. ಆಮೇಲೆ ಬೇರೆ ಐದರಲ್ಲಿ ಅದೇ ಪಾಠ ತೆರೆದು ಅದೇ ಜಾಗ ಒತ್ತಿದೆ. ಐದರಲ್ಲೂ ಅದೇ ಸಾಲು ಬಂತು.

“ನೀನೇನಾದ್ರೂ ಹೇಳೋದಿದ್ಯಾ?” ಎಂದು ಉಪ ಅಧೀಕ್ಷಕಿ ಕೋರಲೀಯನ್ನು ಕೇಳಿದಳು.

“ಹುಟ್ಟಿದಾಗಿಂದ ಮೊದಲ್ನೇ ಸಲ, ಹೇಳಿದ್ದನ್ನ ಹೇಳಿದ ಹಾಗೇ ಮಾಡ್ದೆ ಬಾಸ್. ಅದಕ್ಕೂ ಕೇಸಾ?”

ಪ್ರೆಂಟಿಸ್ ತಲೆ ತಗ್ಗಿಸಿದ. ಆರೋಪ ಬಿದ್ದುಹೋಯಿತು.

ಲ್ಯಾಪ್‌ಟಾಪುಗಳು ಮಾತ್ರ ಬರಲಿಲ್ಲ. ‘ಪರಿಶೀಲನೆಯಲ್ಲಿವೆ’ ಎಂಬ ಒಂದೇ ಉತ್ತರ. ಪಾಠಗಳೆಲ್ಲ ಅವುಗಳೊಳಗೇ ಸಿಕ್ಕಿಬಿದ್ದಿದ್ದವು. ಕೋರಲೀ ನೆನಪಿನಿಂದಲೇ, ನೀಲಿ ಪೆನ್ನಿನಲ್ಲಿ, ಇಪ್ಪತ್ತೇಳು ಪುಟ ಬರೆದಳು. ಕಿಡ್ನಿಯ ಚಿತ್ರ ಮೂರು ಸಲ ಕೆಟ್ಟಿತು. ಮೂರು ಸಲವೂ ಹರಿದು ಮತ್ತೆ ಬರೆದಳು. ಆ ಪ್ರಬಂಧವನ್ನು ನಾನೇ ಕಾರಿನಲ್ಲಿ ಒಯ್ದು ವಿಶ್ವವಿದ್ಯಾಲಯದ ಅಧ್ಯಾಪಕಿಯ ಕೈಗಿತ್ತು, ನಡೆದದ್ದನ್ನೆಲ್ಲ ಹೇಳಿದೆ. ಆಕೆ ಕೈಬರಹ ನಡೆಯದೆಂಬ ನಿಯಮದ ಮಾತೆತ್ತದೆ ತೆಗೆದುಕೊಂಡಳು. ಕೋರಲೀ ಪಾಸಾದಳು.

ಆದರೆ ಬಿದ್ದುಹೋದ ಆರೋಪವನ್ನು ಕಡತದಿಂದ ತೆಗೆಯಲು ಯಾರಿಗೂ ಪುರಸೊತ್ತಾಗಲಿಲ್ಲ. ಪೆರೋಲ್ ಮಂಡಳಿಯವರು ಅದನ್ನು ಕಂಡು ವಿಚಾರಣೆ ಮುಂದೂಡಿದರು. ಮಾಡದ ತಪ್ಪಿಗೆ ಅವಳು ಇನ್ನೂ ನಾಲ್ಕು ತಿಂಗಳು ಒಳಗಿರಬೇಕಾಗಿ ಬಂತು. ಆ ಸುದ್ದಿ ತಿಳಿಸಿದ ದಿನ ಅವಳು ಅಳಲಿಲ್ಲ. “ಮುಂದಿನ ಪಾಠದ ಪುಸ್ತಕ ಕಾಗದದಲ್ಲಿ ಸಿಗುತ್ತಾ ಮಿಸ್?” ಎಂದಷ್ಟೇ ಕೇಳಿದಳು. ಕಾರಿನಲ್ಲಿ ಕೂತು ಅತ್ತವಳು ನಾನು.

ಕಿತ್ತುಕೊಂಡ ಹನ್ನೊಂದು ವಾರಗಳ ಮೇಲೆ ಲ್ಯಾಪ್‌ಟಾಪುಗಳು ಮರಳಿದವು. ಒಂದರಲ್ಲೂ ಏನೂ ಸಿಕ್ಕಿರಲಿಲ್ಲ. ಕ್ಷಮೆಯ ಒಂದು ಸಾಲೂ ಜೊತೆಗೆ ಬರಲಿಲ್ಲ. “ಎಲ್ಲ ಸರಿಹೋಯ್ತಲ್ಲ” ಎಂದ ಸಿಲಿಕ್.

“ಏನ್ ಸರಿಹೋಯ್ತು, ಗ್ರಹಾಂ? ಕೋರಲೀಯ ಆ ನಾಲ್ಕು ತಿಂಗಳು ಯಾರ ಹತ್ರ ಇದೆ, ತಂದ್ಕೊಡಿ” ಎಂದೆ. ಆ ವಾರವೇ ನಾನು ಹೊರಗಿನ ದೂರು ಆಯೋಗಕ್ಕೆ ಹೆಸರು, ದಿನಾಂಕ ಸಮೇತ ಬರೆದೆ. ನನ್ನ ಕೆಲಸ ಹೋಗಬಹುದೆಂದು ಸಹೋದ್ಯೋಗಿಗಳು ಎಚ್ಚರಿಸಿದರು. ಹೋದರೆ ಹೋಗಲಿ ಎಂದುಕೊಂಡೆ.

ಇಪ್ಪತ್ತೆರಡು ಜನರಲ್ಲಿ ಇಬ್ಬರು ಓದಿಗೆ ಹಿಂದಿರುಗಲಿಲ್ಲ. ಒಬ್ಬಳು ಜೋಡೀನ್, ಲೆಕ್ಕದಲ್ಲಿ ಕೋರಲೀಗಿಂತ ಚುರುಕು. ಇಸ್ತ್ರಿ ಮಾಡುವ ಕೋಣೆಗೆ ನಾನೇ ಹೋಗಿ ಕರೆದೆ.

“ಬೇಡ ಮಿಸ್,” ಎಂದಳು, ಹಾಸುಬಟ್ಟೆಯಿಂದ ಕಣ್ಣೆತ್ತದೆ. “ಆಂಟಿಯಂಥೋಳ್ನೇ ಬಿಡ್ಲಿಲ್ಲ ಅವ್ರು. ಎಲ್ಲಿ ಏನ್ ಒತ್ತಿಬಿಡ್ತೀನೋ ನಾನು.”