ಫಕೀರಬಿಯ ಪಾಲಿನ ಆರು ಮಾತು

"ಕೇಳಿದ್ದೆ ಅಕ್ಕಾ, ಅತ್ತಿಯವರನ್ನ ದವಾಖಾನ್ಯಾಗ ಮತ್ತ ಮತ್ತ ಕೇಳಿದ್ದೆ," ಎಂದಳು ಫಕೀರಬಿಯ ಸೊಸೆ ರುಹಿ. "'ಅದು ನನ್ನ ಕೀಲಿ. ಸಭಾದಾಗ ಹೇಳತೇನಿ, ನಿನಗ್ಯಾಕ ಬೇಕು?' ಅಂತ ಬೈದ್ರು. ಮರುದಿನ ಮುಂಜಾನಿ ಅವರ ಮಾತ ನಿಂತಬಿಡ್ತು."

ನಜಮಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಗದಗಿನಿಂದ ಬಂದ ಬಸ್ಸಿನ ಧೂಳು ಬುರ್ಖಾದ ಅಂಚಿನಲ್ಲಿ ಹಾಗೇ ಇತ್ತು. ಫಕೀರಬಿ ತೀರಿಕೊಂಡ ಮೂರನೆಯ ದಿನದ ಜಿಯಾರತ ಪ್ರಾರ್ಥನೆಗೆಂದು ಶಿರಹಟ್ಟಿ ಸೀಮೆಯ ಮಾಗಡಿಗೆ ಬಂದವಳು ಅವಳು. ಸೊಸೆಯ ಈ ಮಾತು ಹೊಸ್ತಿಲಲ್ಲೇ ಅವಳನ್ನು ನಿಲ್ಲಿಸಿತು. ಪಡಸಾಲೆಯಲ್ಲಿ ಸಂಘದ ದೇವವ್ವ, ನೀಲಾ, ಹುಲಿಗೆವ್ವ ಕೂತಿದ್ದರು. ಅವರ ನಡುವೆ ಅರ್ಧ ಹೊಲಿದ ಕೌದಿ ಬಿದ್ದಿತ್ತು, ಫಕೀರಬಿಯ ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು.

ಈ ಕೌದಿ ಸಂಘ ಕಟ್ಟಿದವಳೇ ನಜಮಾ. ಬೆಟಗೇರಿಯ ಹುಡುಗಿ, ಶಿರಹಟ್ಟಿಯ ಸೇವಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಕೊನೆಯ ಬಸ್ಸು ತಪ್ಪಿದ ದಿನ ಫಕೀರಬಿಯ ಮಗ್ಗುಲಲ್ಲೇ ಮಲಗುತ್ತಿದ್ದಳು. ಹೆಂಗಸರ ಉಳಿತಾಯಕ್ಕೊಂದು ತಗಡಿನ ಪೆಟ್ಟಿಗೆ ತಂದು, ಅದಕ್ಕೆ ನಾಲ್ಕು ಬೀಗ ಹಾಕಿಸಿ, ಅವುಗಳ ಕೀಲಿ ನಾಲ್ಕು ಮನೆಗೆ ಹಂಚಿದವಳೂ ಅವಳೇ. ಒಬ್ಬರ ಕೀಲಿ ಇನ್ನೊಬ್ಬರ ಕೈಗೆ ಹೋಗಬಾರದು, ಗಂಡ ಕೇಳಲಿ ಮಗ ಕೇಳಲಿ. ನಾಲ್ವರೂ ಸಭೆಯಲ್ಲಿ ಕೂತರೇ ಪೆಟ್ಟಿಗೆ ತೆರೆಯಬೇಕು. ಒಮ್ಮೆ ದೇವವ್ವನ ಗಂಡ ಮೂಕಪ್ಪ ಕುಡಿತಕ್ಕೆಂದು ಕೀಲಿ ಕೇಳಿ ಕೈ ತಿರುವಿದಾಗ, ಆಕೆ ಅದನ್ನು ಸಗಣಿಯೊಳಗೆ ಒತ್ತಿ ಕುಳ್ಳು ತಟ್ಟಿಬಿಟ್ಟಿದ್ದಳು. ಅವನು ಮನೆಯೆಲ್ಲ ಜಾಲಾಡಿದ. ಕೀಲಿ ಗೋಡೆಯ ಮೇಲೆ ಬಿಸಿಲು ಕಾಯುತ್ತಿತ್ತು.

ಹೊರದೇಶದಿಂದ ಬರುತ್ತಿದ್ದ ಹಣ ನಿಂತು ಸಂಸ್ಥೆ ಬಾಗಿಲು ಹಾಕಿತು. ಕಡೆಯ ದಿನ ನಜಮಾಗೆ ಒಂದು ಶಾಲು ಹೊದಿಸಿ ಕಳಿಸಿದರು. "ಊರ ಉದ್ಧಾರ ಮಾಡಿ ಶಾಲ್ ತಂದಿ. ಇನ್ನ ಅದನ್ನ ಹೊತಗೊಂಡು ಮಕ್ಕೊ," ಎಂದು ಅಣ್ಣ ಶಫೀಕ ನಕ್ಕ. ಆ ನಗು ಅವಳಿಗೆ ಬಹಳ ದಿನ ಚುಚ್ಚಿತು. ಹೀಗಿರುವಾಗಲೇ ಗದಗಿನಲ್ಲಿ ಒಂದು ಮಾಳಿಗೆಯ ಮೇಲೆ ಹೊಸ ಆಫೀಸು ತೆರೆದಿತ್ತು. ಕಣ್ಣಿಗೆ ಕಾಣದ, ಫೋನಿನೊಳಗಷ್ಟೇ ಇರುವ ಕ್ರಿಪ್ಟೋ ನಾಣ್ಯದ ವ್ಯವಹಾರ ಅವರದು. ಮ್ಯಾನೇಜರ್ ಸಿದ್ದಲಿಂಗೇಶ ಕುರ್ಚಿ ಎಳೆದು ಕೂರಿಸಿ, "ಮೇಡಂ, ನಮ್ಮ ಮಾತ ಹಳ್ಳ್ಯಾಗ ಯಾರೂ ಕೇಳಂಗಿಲ್ಲ. ನಿಮ್ಮದು ಕೇಳತಾರ," ಎಂದ. ಅವನು ಕೊಳ್ಳುತ್ತಿರುವುದು ಏನನ್ನು ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಮಾನ ಸಿಕ್ಕಿತೆಂದೇ ತಿಳಿದಳು.

ಹೊಸ ಕೆಲಸದ ಸುದ್ದಿ ಹೇಳಲು ಮಾಗಡಿಗೆ ಬಂದಾಗ ಅವಳು ಯಾರನ್ನೂ ಒತ್ತಾಯ ಮಾಡಲಿಲ್ಲ. ಮಾಡುವ ಜರೂರೇ ಬೀಳಲಿಲ್ಲ.

"ನೀ ಎಲ್ಲಿ ಹೊಂಟಿ ಅಲ್ಲೇ ನಮ್ಮ ಪೆಟಿಗಿನೂ ಬರಲಿ," ಎಂದಿದ್ದಳು ಫಕೀರಬಿ. "ಹೊಲಿಯಾಕ ಒಂದು ಖೋಲಿ ಕಟ್ಟಬೇಕಂತೇವಿ. ಅಲ್ಲಿ ಜಲ್ದಿ ಬೆಳಿತೈತಿ ಅಂದ್ರ ಬೆಳಿಲಿ."

ಪೆಟ್ಟಿಗೆಯ ಹಣವೆಲ್ಲ ಆ ನಾಣ್ಯವಾಗಿ, ಸಂಘದ ಫೋನು ಹೊಸ ಪೆಟ್ಟಿಗೆಯಾಯಿತು. ಅದಕ್ಕೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳೇ ಕೀಲಿ. ಫೋನು ಹಾಳಾದರೂ ಚಿಂತೆಯಿಲ್ಲ, ಈ ಪದಗಳನ್ನು ಒಂದೂ ಬಿಡದೆ ಸಾಲಾಗಿ ಹೇಳಿದರೆ ಬೇರೆ ಫೋನಿನಲ್ಲಿ ಗಂಟು ತೆರೆಯುತ್ತದೆ ಎಂದಳು ನಜಮಾ. ಯಾರಿಗೂ ಹೇಳಬಾರದು ಎಂದೂ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, "ಹಂಗಾರ ನಾಕು ಮನಿಗೆ ಹಂಚು," ಎಂದರು. ಹಳೆಯ ಪಾಠ ಅವರು ಮರೆತಿರಲಿಲ್ಲ. ಅವಳಿಗೆ ಹೆಮ್ಮೆಯೆನಿಸಿತು. ಕೂಸಿಗೆ ಹೆಸರಿಡುವಾಗ ಕಿವಿಯಲ್ಲಿ ಹೇಳುವಂತೆ ಒಬ್ಬೊಬ್ಬರ ಕಿವಿಯಲ್ಲೂ ಆರಾರು ಪದ ಹೇಳಿ, ಬಾಯಿಪಾಠ ಆದ ಮೇಲೆ ಪದ ಬರೆದಿದ್ದ ಚೀಟಿಯನ್ನು ತಾನೇ ಒಲೆಗೆ ಹಾಕಿದಳು.

ಫಕೀರಬಿ ದವಾಖಾನೆ ಸೇರುವ ಹಿಂದಿನ ದಿನ ಕೌದಿ ಒಗೆಯಲು ಹೋದಾಗ ನೀಲಾಳ ಸೊಂಟದಿಂದ ಫೋನು ಜಾರಿ ಕೆರೆಯ ಪಾಲಾಯಿತು. ಅವಳು ಅಳುತ್ತ ಕೂತರೆ, ಫಕೀರಬಿಯೇ ಸಮಾಧಾನ ಮಾಡಿದ್ದಳಂತೆ: "ಹುಚ್ಚಿ, ಪೆಟಿಗಿ ಮುಳುಗಿದ್ರ ಮುಳುಗಲಿ. ಕೀಲಿ ಬಾಯಾಗ ಐತಿ."

"ನಿನಗ ನೆನಪದಾವೇನವ್ವಾ?" ದೇವವ್ವ ಈಗ ಮೆಲ್ಲಗೆ ಕೇಳಿದಳು. "ನೀನ ಹೇಳಿಕೊಟ್ಟಿದ್ದಿ."

ಮಣ್ಣಿಗೆ ಬರಲಾಗದಂತೆ ಆಫೀಸಿನ ಕೆಲಸ ಹಿಡಿದಿತ್ತು. ಸಾವಿನ ಖಬರ ಬಂದಾಗಿನಿಂದ ನಜಮಾ ಆ ಪದಗಳನ್ನೇ ನೆನೆಯಲು ಹೆಣಗುತ್ತಿದ್ದಳು. ಫಕೀರಬಿಯ ಕಿವಿಯ ತಣ್ಣನೆಯ ಬುಗುಡಿ ತುಟಿಗೆ ತಾಗಿದ್ದು ನೆನಪಿತ್ತು. ಎಲೆಅಡಿಕೆಯ ವಾಸನೆ ನೆನಪಿತ್ತು. "ಕಚಗುಳಿ ಆಗತೈತಿ, ಸರಿಯಲೇ," ಎಂದು ಮುದುಕಿ ನಕ್ಕದ್ದು ನೆನಪಿತ್ತು. ಆರು ಪದಗಳಲ್ಲಿ ಒಂದೂ ನೆನಪಿರಲಿಲ್ಲ.

"ಇಲ್ಲ ದೇವವ್ವಾ."

"ಆತು ಬಿಡು. ಲಕ್ಷ್ಮೇಶ್ವರದಿಂದ ನಜೀರಸಾಬನ್ನ ಕರಸೂಣು. ಹಿಂದ ಹುಲಿಗೆವ್ವನ ಕೀಲಿ ಬಾವ್ಯಾಗ ಬಿದ್ದಾಗ ಅಂವಾನ ಬಂದು ಬೀಗ ಒಡದಿದ್ದ. ಇದಕ್ಕೂ ಯಾರರ ಇರತಾರಲ್ಲ, ನಿಮ್ಮ ಕಂಪನ್ಯಾಗ?"

ನಜಮಾ ಚಪ್ಪಲಿ ಬಿಟ್ಟು ಅವರೆದುರು ಕೂತಳು. "ಇದನ್ನ ಒಡಿಯಾವರು ಯಾರೂ ಇಲ್ಲ. ಕಂಪನಿಯವರ ಕೈಲೂ ಆಗಂಗಿಲ್ಲ. ಅದಕ್ಕ ಇದು ಭದ್ರ ಅಂತ... ನಾನ ಹೇಳಿದ್ದೆ."

ತೆರೆದ ಬಾಗಿಲಾಚೆ, ಖೋಲಿಗೆಂದು ಇಳಿಸಿದ ಬುನಾದಿ ಕಲ್ಲುಗಳ ಮೇಲೆ ಆಡೊಂದು ಹತ್ತಿ ನಿಂತಿತ್ತು. ಬೈಯಲಿ, ಶಾಪ ಹಾಕಲಿ ಎಂದು ನಜಮಾ ಕಾದಳು. ದೇವವ್ವ ಕೌದಿಯ ಮೇಲಿನ ನೂಲಿನ ತುಂಡು ಆರಿಸಿ ತೆಗೆಯುತ್ತ, "ನೀ ಕಲಿಸಿದಂಗ ನಡದೇವಿ," ಎಂದಳು. "ಫಕೀರಬಿ ಸಾಯೂ ಮಟಾ ತಪ್ಪಲಿಲ್ಲ ನೋಡು."

ನಜಮಾಳ ಚೀಲದಲ್ಲಿ ಫೋನು ಗುನುಗಿತು. ಸಿದ್ದಲಿಂಗೇಶ. ನಾಳೆ ಮುಂಡರಗಿಯಲ್ಲಿ ಹೆಂಗಸರ ಇನ್ನೊಂದು ಗುಂಪಿಗೆ ಅವಳು ಇದನ್ನೇ ಹೇಳಿಕೊಡಬೇಕಿತ್ತು. ಅದು ತಾನಾಗೇ ನಿಲ್ಲುವವರೆಗೂ ಅವಳು ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದಳು.

"ಇವತ್ತ ಸಂಘ ಕೂಡೂ ವಾರ," ಎಂದಳು ದೇವವ್ವ, ಸೆರಗು ತಲೆಗೆಳೆದುಕೊಂಡು. "ಉಳದಾವರ ಕೀಲಿ ಹೊರಗ ತಗೀರಿ. ಇವನ್ನೂ ಕಳಕೋಬಾರದು."

ಹಳೆಯ ರೂಢಿಯಂತೆ ನಜಮಾ ಹೊರಗೆ ಹೋಗಲು ಎದ್ದಳು. ಕೀಲಿ ಹೇಳುವಾಗ ಬೇರೆಯವರು ಕೇಳಬಾರದು.

"ಕುಂಡ್ರವ್ವಾ," ಎಂದಳು ಹುಲಿಗೆವ್ವ. "ಇನ್ನ ಮುಚ್ಚಿಡೂದರ ಏನೈತಿ?"

ದೇವವ್ವ ಕಣ್ಣು ಮುಚ್ಚಿ, "ಲೆಮನ್ನು, ಟಿಕೇಟು, ಕಾಟನ್ನು," ಎಂದು ತನ್ನ ಆರನ್ನೂ ಒಪ್ಪಿಸಿದಳು. ನೀಲಾ ಬಿಕ್ಕುತ್ತ ತನ್ನದನ್ನು ಮುಗಿಸಿದಳು. ಮೂರನೆಯ ಸರದಿ ಫಕೀರಬಿಯದು. ಮೂವರೂ ಕೌದಿಯಲ್ಲಿನ ಸೂಜಿಯ ಕಡೆ ನೋಡುತ್ತ ಕೂತರು. ಆರು ಮಾತು ಹೇಳುವಷ್ಟು ಹೊತ್ತು ಕಾದು, ಹುಲಿಗೆವ್ವ ತನ್ನ ಪಾಲಿನದನ್ನು ಶುರು ಮಾಡಿದಳು.