ಹದಿನೇಳನೆಯ ಸೀಸೆ

ಕಾಲಿನ ಹೆಬ್ಬೆರಳ ಮೇಲೆ ಒಂದು ಕಟ್ಟಿರುವೆ ಹತ್ತುತ್ತಿದೆ, ಹತ್ತಲಿ, ಕಚ್ಚಲಿ, ಮಲಾಕಿ ಕಾಲು ಕೊಡವಲಿಲ್ಲ, ಕಣ್ಣು ಕೀಳಲಿಲ್ಲ — ರಸ್ತೆಯಾಚೆ ಊರ ಯಜಮಾನ ಇಯೋಸೆಫೋನ ಮನೆಯ ಮುಂದೆ, ಕಪ್ಪು ಕಲ್ಲುಹರಳಿನ ಅಂಗಳದಲ್ಲಿ, ಕೇದಗೆ ಗರಿಯ ನವಿರು ಚಾಪೆಯೊಂದು ಗುಪ್ಪೆಯಾಗಿ ಕೂತಿದೆ, ಅದರ ಕೆಳಗೆ ಫಿಲೆಮು ಅತ್ತೆ, ಅಪ್ಪನ ಅಕ್ಕ, ಬೆಳಕು ಹರಿಯುವಾಗ ಹೋಗಿ ಮಂಡಿಯೂರಿದವಳು, ಈಗ ಬಿಸಿಲು ದೀವಿಹಲಸಿನ ನೆತ್ತಿ ದಾಟಿದರೂ ಒಳಗಿನಿಂದ ಯಾರೂ ಬಂದು ಚಾಪೆ ಎತ್ತಿಲ್ಲ, ಎತ್ತಿದರೆ ಕ್ಷಮಿಸಿದ ಹಾಗೆ, ಎತ್ತದಿದ್ದರೆ ಕೂತೇ ಇರಬೇಕು, ಆ ಮಂಡಿ ಇಟ್ಟುಕೊಂಡು, ಸಂಜೆ ಸಂಜೆ ಮಲಾಕಿಯೇ ಕೊಬ್ಬರಿ ಎಣ್ಣೆ ತಿಕ್ಕುವ ಮಂಡಿ, ಮೆಲ್ಲಗೆ ತಿಕ್ಕೋ ಕತ್ತೆ, ನಾನೇನು ನಿನ್ನ ಲಾರಿ ಎಂಜಿನ್ನಾ, ಅನ್ನುತ್ತಾಳೆ. ಆಚೆ ದ್ವೀಪದ ಪಾಗೋ ಪಾಗೋದಿಂದ ದೋಣಿಯಲ್ಲಿ ವಾಪಸು ಬಂದಳು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಮೈಯಲ್ಲಿ ಜ್ವರ, ಅದೇ ವಾರ ಯಜಮಾನನ ಮಗಳು ಮತಲೇನಾ ಮಲಗಿದಳು, ಚರ್ಚಿನ ಮೇಳಕ್ಕೆ ಹಾಡು ಕಲಿಸುವ ಮತಲೇನಾ, ಐದನೇ ದಿನ ಮೂಗಿನಲ್ಲಿ ರಕ್ತ, ಆರನೇ ದಿನ ಇಲ್ಲ, ಡೆಂಗಿ ಫಿಲೆಮುವಿನ ಲಂಗದ ಮಡಿಕೆಯಲ್ಲಿ ಬಂತು ಅಂತ ಊರೆಲ್ಲ ಅಂದಿತು, ಚರ್ಚಿನ ಬೆಂಚಿನಲ್ಲಿ ಅವಳ ಪಕ್ಕ ಕೂತಿದ್ದವರು ಎದ್ದು ಹೋದರು, ಹಲ್ಕಾಗಳು, ಅವಳು ಹೆಣೆದ ಚಾಪೆ ಹೊದ್ದೇ ಮದುವೆಯಾದವರು! ಕೊಲೆಗೆ ಮಂಡಿಯೂರ್ತಾರೆ ಅತ್ತೆ, ಗಾಡಿ ಗುದ್ದಿದ್ರೆ ಊರ್ತಾರೆ, ಸೊಳ್ಳೆ ಮಾಡಿದ್ದಕ್ಕೆ ಯಾರು ಊರ್ತಾರೆ, ಅಂತ ಇವನು ಕೂಗಾಡಿದ್ದಕ್ಕೆ ಅತ್ತೆ ಅಂದಳು, ಸೊಳ್ಳೆಗೆ ಮಂಡಿ ಎಲ್ಲಿದ್ಯೋ ಊರೋಕೆ, ಮನೇಲಿ ಮಗಳು ಹೋಗಿದ್ದಾಳೆ ಅವರಿಗೆ, ಯಾರಾದ್ರೂ ಒಬ್ರು ಹೋಗಿ ತಲೆ ತಗ್ಗಿಸಬೇಕಪ್ಪ.

ಊರಿನ ಆ ಮಾತಿನ ಸಿಟ್ಟಿಗೇ ಅಲ್ಲವೇ ಅವನು ಆಸ್ಪತ್ರೆಗೆ ನುಗ್ಗಿದ್ದು, ಮೂರು ವಾರದ ಹಿಂದೆ, ಮೇಜು ಗುದ್ದಿದ್ದು, ನಮ್ಮತ್ತೆ ತಂದದ್ದಲ್ಲ ಅಂತ ಬರೆದು ಕೊಡಿ ಅಂದದ್ದು, ಲ್ಯಾಬಿನ ಲಾಗಿ ಮೇಡಂ ಕನ್ನಡಕ ತೆಗೆದು, ಕೂತ್ಕೋ, ಮೇಜು ಸರ್ಕಾರದ್ದು, ಜ್ವರ ಬಂದ ಎಲ್ಲರ ರಕ್ತವೂ ಫ್ರಿಜ್ಜಿನಲ್ಲಿದೆ, ರಕ್ತವನ್ನೇ ಕೇಳೋಣ, ಅಂದರು. ವೈರಸ್ಸು ತನ್ನನ್ನೇ ನಕಲು ಮಾಡುತ್ತಂತೆ, ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಂತೆ, ಆ ತಪ್ಪು ಮುಂದಿನ ನಕಲಿಗೂ ಹೋಗುತ್ತಂತೆ, ಎಂಟನೇ ಕ್ಲಾಸು ಬಿಟ್ಟವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು, ಆದರೆ ತಿಳಿಯಿತು, ಥಟ್ಟನೆ ತಿಳಿಯಿತು — ಅತ್ತೆಯ ಅಜ್ಜಿ ಎಡಚಿ, ಚಾಪೆಯ ಮೂಲೆಯಲ್ಲಿ ಎರಡು ಎಳೆ ತಿರುಗಾಮುರುಗಾ ಹಾಕುತ್ತಿದ್ದಳು, ಅವಳ ಮಗಳೂ ಹಾಗೇ ಕಲಿತಳು, ಅತ್ತೆಯೂ ಹಾಗೇ, ಅತ್ತೆಯ ಹತ್ತಿರ ಕಲಿತವರದ್ದರಲ್ಲಿ ಆ ತಪ್ಪಿನ ಜತೆಗೆ ಅವರದ್ದೇ ಇನ್ನೊಂದು, ಯಾವ ಚಾಪೆಯಾದರೂ ಮೂಲೆ ತಿರುವಿ ನೋಡಿದರೆ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹೇಳಬಹುದು. ಅದೇ ಅದೇ, ನೀನು ನನಗಿಂತ ಚೆನ್ನಾಗಿ ಹೇಳ್ದೆ, ಅಂದರು ಮೇಡಂ. ನಿನ್ನೆ ಮಧ್ಯಾಹ್ನ ಕರೆದು ಪರದೆ ತೋರಿಸಿದರು, ಗೆರೆಗಳ ಮರ, ಕೊನೆಯಲ್ಲೊಂದು ಒಂಟಿ ಕೊಂಬೆ, ಇದು ನಿಮ್ಮತ್ತೆ, ಇವಳದು ಬೇರೆಯೇ ಬಳ್ಳಿ, ಇವಳಿಂದ ಮುಂದೆ ಯಾರಿಗೂ ಹೋಗಿಲ್ಲ — ಅವನು ಎಗರಿ ಮೇಡಂ ಅನ್ನು ತಬ್ಬಿಕೊಂಡೇಬಿಟ್ಟ, ತಡಿ ಮಲಾಕಿ, ತಡಿ, ಅಂದರು ಅವರು, ನಗಲಿಲ್ಲ, ಮತಲೇನಾಳ ಗೆರೆಯ ಮೇಲೆ ಬೆರಳಿಟ್ಟು ಕೆಳಗೆ ಇಳಿಸಿದರು, ಇನ್ನೂ ಕೆಳಗೆ, ಅವಳ ರಕ್ತದಲ್ಲಿದ್ದ ತಪ್ಪೆಲ್ಲ, ಒಂದು ಬಿಟ್ಟು, ಇಲ್ಲಿದೆ ನೋಡು, ಹದಿನೇಳನೆಯ ಸೀಸೆಯಲ್ಲಿ, ಊರಿನಲ್ಲಿ ಸಿಕ್ಕಿದ್ದರಲ್ಲಿ ಇದೇ ಮೊದಲಿನದು. ಯಾರದು ಅಂತ ಕೇಳಿದ. ಮೇಡಂ ರಿಜಿಸ್ಟರನ್ನು ಅವನ ಕಡೆ ತಿರುಗಿಸಿದರು, ಹದಿನೇಳರ ಮುಂದೆ ಅವನದೇ ಹೆಸರು.

ಅತ್ತೆ ಬರುವ ಎರಡು ಮೂರು ವಾರ ಮೊದಲು, ಕಡಲಾಚೆ ಸುವಾದಲ್ಲಿ ಅವನ ದೊಡ್ಡಪ್ಪನ ಮಗನ ಮದುವೆ, ವಾಪಸು ಬಂದು ಎರಡು ದಿನ ತಲೆ ಸಿಡಿತ, ಮೈ ಬಿಸಿ, ಕುಡಿದದ್ದು ಜಾಸ್ತಿಯಾಯಿತು ಅಂದುಕೊಂಡ, ನರ್ಸು ಸುಮ್ಮನೆ ಒಂದಿಷ್ಟು ರಕ್ತ ತೆಗೆದಳು, ಮೂರನೇ ದಿನ ಮತಲೇನಾ ಹೇಳಿಕಳಿಸಿದಳು, ನಿನ್ನ ದಪ್ಪ ದನಿ ಇಲ್ದೆ ಹಾಡು ಹಾರಿಹೋಗ್ತಿದೆ, ಜ್ವರಾನೂ ಕರ್ಕೊಂಡು ಬಾ — ಕರೆದುಕೊಂಡೇ ಹೋದ, ಅವಳು ಬೆನ್ನ ಹಿಂದೆ ನಿಂತು ತಾಳ ಹಾಕುತ್ತಿದ್ದವಳು ಅವನ ಕತ್ತಿಗೆ ರಪ್ಪನೆ ಹೊಡೆದು ಅಂಗೈ ಮುಂದೆ ಹಿಡಿದಳು, ನೋಡು ಹಂದಿ, ನಿನ್ನ ರಕ್ತ, ಸೊಳ್ಳೆಗೂ ಅಮಲೇರಿತ್ತು, ಎಲ್ಲರೂ ನಕ್ಕರು, ಅಗಲವಾದ ಅಂಗೈ, ನಡುವೆ ಕೆಂಪು ಹನಿ. ಆ ಸೊಳ್ಳೆ ಅಲ್ಲ, ಸತ್ತ ಸೊಳ್ಳೆ ಏನೂ ಮಾಡದು, ವೈರಸ್ಸು ಅದರ ಹೊಟ್ಟೆಯಲ್ಲಿ ಎಂಟು ಹತ್ತು ದಿನ ಬಲಿಯಬೇಕು, ಮೇಡಂ ಹೇಳಿದರು, ಇನ್ಯಾವುದೋ ಸೊಳ್ಳೆ ಕುಡಿದು ಹೋಗಿ ಕಾದು ಕೂತಿತ್ತು, ಇದು ದಾರಿ ತೋರಿಸುತ್ತೆ ಮಲಾಕಿ, ಅಪರಾಧ ಹೊರಿಸಲ್ಲ — ಗೊತ್ತು, ಗೊತ್ತು, ಆದರೂ ಆ ಅಂಗೈ. ನಿನ್ನೆ ಮನೆಗೆ ಬಂದರೆ ಅತ್ತೆ ಚಾಪೆ ಬಿಸಿಲಿಗೆ ಹಾಕಿ ಮೂಲೆ ಸವರುತ್ತಿದ್ದಳು, ನಾಳೆ ಹೋಗ್ಬೇಡ ಅತ್ತೆ ಅಂದ, ಅಷ್ಟೇ, ಹೇಡಿ, ಹೇಡಿ.

ಕಾಲು ಯಾವಾಗ ರಸ್ತೆ ದಾಟಿತು, ಕಲ್ಲುಹರಳು ಮಂಡಿಗೆ ಚುಚ್ಚುತ್ತಿದೆ, ಚಾಪೆಯೊಳಗೆ ಎಣ್ಣೆಯ, ಬೆವರಿನ ವಾಸನೆ, ಅತ್ತೆಯ ಪಿಸುದನಿ, ಯಾಕೋ ಬಂದೆ, ಜಾಗ ಇಲ್ಲ, ನಿನ್ನ ಹೊಟ್ಟೆ ಆಚೆ ಕಾಣ್ತಿದೆ — ಅದು ನನ್ನಿಂದ ಅತ್ತೆ, ನನ್ನ ರಕ್ತದ್ದು, ನಿನ್ನ ಜ್ವರ ನಿನ್ನಲ್ಲೇ ಮುಗೀತು, ಮೇಡಂ ತೋರಿಸಿದ್ರು, ನೀನೆದ್ದು ಮನೆಗೆ ಹೋಗು. ಅವಳು ತನ್ನ ಬೆನ್ನ ಮೇಲಿದ್ದ ಚಾಪೆಯನ್ನು ಎಳೆದೆಳೆದು ಅವನ ಬೆನ್ನಿಗೆ ಹೊದಿಸುತ್ತಿದ್ದಾಳೆ, ಮಂಡಿ ಹಿಡ್ಕೊಂಡಿದೆ, ಏಳೋಕಾಗಲ್ಲ, ಅಂದಳು, ಸುಳ್ಳಿ, ನನ್ನ ಸುಳ್ಳಿ ಅತ್ತೆ. ಮನೆಯ ಗರಿತಟ್ಟಿ ಸರಿದ ಸದ್ದು, ಕಲ್ಲಿನ ಮೇಲೆ ಹೆಜ್ಜೆ, ಚಾಪೆಯಂಚಿನಾಚೆ ಯಜಮಾನನ ಊದಿದ ಪಾದಗಳು, ಇನ್ನೊಬ್ಬ ಯಾರು, ಅಂತ ಆ ಸೋತ ದನಿ — ನಾನು, ಮಲಾಕಿ, ಜ್ವರ ತಂದವನು ನಾನು ಯಜಮಾನರೇ, ಅತ್ತೆಯಲ್ಲ, ಹಾಡಿನ ದಿನ ನನ್ನ ಮೈಯಲ್ಲಿತ್ತು. ಬಿಸಿಲು ಒಮ್ಮೆಲೇ ಮೈಮೇಲೆ ಬಿತ್ತು, ಚಾಪೆ ಮುದುಕನ ಕೈಯಲ್ಲಿ, ಏಳು ಮಗ, ಮೊದಲು ನಿಮ್ಮತ್ತೇನ ಎಬ್ಬಿಸು, ಅಂದ, ಏಳಬೇಕು, ಅತ್ತೆಯ ತೋಳು ಹಿಡಿಯಬೇಕು, ಏಳಬೇಕು, ಆದರೆ ಬಿಸಿಲಿನ ತುಂಬ ಅಂಗೈ, ಮತಲೇನಾಳ ಅಗಲವಾದ ನಗುವ ಅಂಗೈ, ನಡುವೆ ಇನ್ನೂ ಆರದ ಆ ಕೆಂಪು ಹನಿ